ನಿಂತ ಎಂಜಿನ್ನಿಗೇ ಹೆಚ್ಚು ಆರೈಕೆ ಬೇಕು

ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಬಾಯ್ಲರ್ ಅಟೆಂಡೆಂಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರ್ ಹಗಲಿರುಳು ಉರಿಯುತ್ತದೆ, ಎಲ್ಲರ ಕಣ್ಣೂ ಅದರ ಮೇಲಿರುತ್ತದೆ. ಹಾಳಾಗುವುದು ಬೆಂಕಿ ಆರಿದ ಮೇಲೆ, ಮಳೆಗಾಲದಲ್ಲಿ. ಮೂಲೆಯಲ್ಲಿ ಉಳಿದ ಬೂದಿಗೆ ತೇವ ತಗುಲಿದರೆ ಉಕ್ಕನ್ನೇ ತಿನ್ನುತ್ತದೆ. ಒಳಗೆ ಒಂದಿಷ್ಟು ನೀರು ನಿಂತರೂ ಸಾಕು, ಗಾಳಿ ಸೇರಿ ತಗಡು ಗುಳಿ ಬೀಳುತ್ತದೆ. ಅದಕ್ಕೇ ಹಂಗಾಮು ಮುಗಿದ ಕೂಡಲೇ ಬೂದಿ ಕೆರೆದು, ನೀರು ಪೂರ್ತಿ ಬಸಿದು, ಒಣಗಿಸಿ, ತೇವ ಹೀರಲು ಸುಡುಸುಣ್ಣದ ತಟ್ಟೆಗಳನ್ನಿಟ್ಟು ಬಾಗಿಲು ಬಿಗಿಯುತ್ತೇವೆ. ಸುಣ್ಣ ಅರಳಿತೇ ಎಂದು ಆಗಾಗ ತೆರೆದು ನೋಡಲೇಬೇಕು.

ನಿಲ್ದಾಣಗಳ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿರುವ ಹಳೆಯ ನ್ಯಾರೋ ಗೇಜ್ (ಕಿರಿದಾದ ಹಳಿಯ) ಉಗಿ ಎಂಜಿನ್ನುಗಳನ್ನು ಕಂಡಾಗ ನನಗೆ ಸಂಕಟವಾಗುವುದು ಇದರಿಂದಲೇ. ನಮ್ಮ ಪಕ್ಕದ ಲಾತೂರಿಗೇ 1911ರಲ್ಲಿ ಅಂಥ ರೈಲು ಬಂದಿತ್ತು. 1897ರಲ್ಲಿ ಆರಂಭವಾದ ಬಾರ್ಸಿ ಲೈಟ್ ರೈಲ್ವೆ ಅದು, ಹಳಿಗಳ ನಡುವೆ 762 ಮಿಲಿಮೀಟರ್. ಗಾಲಿಗಳ ಒಂದೊಂದು ಅಚ್ಚಿನ ಮೇಲೂ ಐದು ಟನ್ ಮೀರದಂತೆ ಭಾರ ಹಂಚಿದ, ಆ ರೈಲ್ವೆಯ ಎಂಜಿನಿಯರ್ ಎವೆರಾರ್ಡ್ ಕ್ಯಾಲ್ತ್ರಾಪ್ ಅವರ ಜಾಣ್ಮೆಗೆ ಈಗಲೂ ತಲೆದೂಗುತ್ತೇನೆ. ಆ ಮಾರ್ಗ ಈಗ ಬ್ರಾಡ್ ಗೇಜ್.

ಕಟ್ಟೆಯೇರಿದ ಎಂಜಿನ್ನಿಗೆ ಕಪ್ಪು ಬಣ್ಣ ಬಳಿದರೆ ಉಳಿಸಿದಂತಲ್ಲ. ಬೆಂಕಿಗೂಡಿನ ಒಳ ಹೊರ ತಗಡುಗಳ ನಡುವಿನ ಸಂದಿಯ ತಳದಲ್ಲಿ ಕೆಸರು, ಹೊಗೆಗೂಡಿನಲ್ಲಿ ಹಳೆಯ ಮಸಿ ಹಾಗೆಯೇ ಇದ್ದರೆ ಸವೆತ ಅಲ್ಲಿಂದಲೇ ಶುರು. ಕುಂಚಕ್ಕಿಂತ ಮೊದಲು ಟಾರ್ಚ್ ಒಳಗೆ ಹೋಗಬೇಕು.

ಡಾರ್ಜಿಲಿಂಗ್‌ನ ಬೆಟ್ಟದ ರೈಲಿನ ‘ಬಿ ಕ್ಲಾಸ್’ ಎಂಬ ಪುಟ್ಟ ಉಗಿ ಎಂಜಿನ್ನುಗಳನ್ನು ನೋಡಿ. 1889ರಿಂದ 1925ರವರೆಗೆ ತಯಾರಾದದ್ದು 34. ಅಲ್ಲಿ 2000ದಲ್ಲಿ ಡೀಸೆಲ್ ಬಂದ ಮೇಲೂ ಡಾರ್ಜಿಲಿಂಗ್–ಘುಮ್ ನಡುವೆ ಪ್ರವಾಸಿಗರಿಗಾಗಿ ಉಗಿ ರೈಲು ಉಳಿಯಿತು. ಅದೇ ಮಾರ್ಗದ ಟಿಂಧಾರಿಯಾದಲ್ಲಿ ರಿಪೇರಿಗೆಂದೇ ಕಾರ್ಯಾಗಾರವಿದೆ. ಜಾವಾದ ಸಕ್ಕರೆ ಕಾರ್ಖಾನೆಗಳಲ್ಲಂತೂ ಪುಟ್ಟ ಎಂಜಿನ್ನುಗಳು ನಮ್ಮ ಬಾಯ್ಲರಿನಂತೆಯೇ ಕಬ್ಬಿನ ಸಿಪ್ಪೆ ಉರಿಸಿ ಕಬ್ಬು ಎಳೆದವು!

ಎಲ್ಲವನ್ನೂ ಓಡಿಸಬೇಕೆಂದು ನಾನು ಹೇಳುವುದಿಲ್ಲ. ಬಾಯ್ಲರ್ ತಗಡು ತೆಳುವಾಗಿದ್ದರೆ ಉಗಿ ಏರಿಸುವುದು ಜೀವಕ್ಕೇ ಅಪಾಯ. ಆದರೆ ನಿಲ್ಲಿಸಿಟ್ಟದ್ದಕ್ಕೆ ಮೇಲೊಂದು ಸೂರು ಬೇಕು, ವರ್ಷಕ್ಕೊಮ್ಮೆ ಒಳಗಿನ ತಪಾಸಣೆ ಬೇಕು. ಆ ತಪಾಸಣೆಗೆ ಬಾಯ್ಲರ್ ಬಲ್ಲ ಹಿರಿಯ ಕೆಲಸಗಾರರನ್ನು ಕರೆಯಿರಿ, ಜೊತೆಗೆ ಇಬ್ಬರು ಐಟಿಐ ಹುಡುಗರನ್ನೂ ಒಳಗೆ ಇಳಿಸಿ.