ಫೊನೆಟಿಕ್ಸ್ ಕ್ಲಾಸಲ್ಲಿ ಆದೇಶ ಸಂಧಿ

ನಾವು ಬಿಎಗೆ ಐಚ್ಛಿಕ ಇಂಗ್ಲಿಷ್ ತಗೊಂಡಿದ್ದೇ ಕಥೆ ಕಾದಂಬರಿ ಓದ್ಕೊಂಡು ಆರಾಮಾಗಿ ಇರ್ಬಹುದು ಅಂತ. ನಡುವೆ ಫೊನೆಟಿಕ್ಸ್ ಅಂತ, ಮಾತಿನ ಸದ್ದುಗಳ ಬಗ್ಗೆ ಒಂದು ಪೇಪರ್ ಬರುತ್ತೆ ಅಂತ ಯಾರೂ ಹೇಳಿರ್ಲಿಲ್ಲ. ಹೇಳಿದ ಸೀನಿಯರ್ಸೂ ಹೆದರಿಸೋಕಷ್ಟೇ ಹೇಳಿದ್ದು, ಅಕ್ಷರ ಎಲ್ಲ ಉಲ್ಟಾ ಬರೀಬೇಕು ಕಣ್ರೋ ಅಂತ. ಅರ್ಧ ನಿಜಾನೇ ಅದು, ಇಂಗ್ಲಿಷಿನ ಸಣ್ಣ ಇ (e) ಅಕ್ಷರಾನ ತಲೆಕೆಳಗೆ ಮಾಡಿದ್ರೆ ಶ್ವಾ (ə) ಅನ್ನೋ, ಸೊರಗಿದ ಅ ಥರದ ಸ್ವರದ ಚಿಹ್ನೆ ಸಿಗುತ್ತೆ, ಪೇಪರ್ ತುಂಬ ಅದೇ.

ಆದ್ರೆ ನಮ್ಮ ಮೇಡಂ ಮೊದಲ ಕ್ಲಾಸಲ್ಲಿ ಬೋರ್ಡ್ ಮೇಲೆ ಬರ್ದಿದ್ದು ಕ ಚ ಟ ತ ಪ. ಒಂದೊಂದೇ ಹೇಳಿ, ನಾಲಿಗೆ ಎಲ್ಲಿ ಹೋಗುತ್ತೆ ನೋಡ್ಕೊಳ್ಳಿ ಅಂದ್ರು. ಕ ಅಂದ್ರೆ ನಾಲಿಗೆ ಹಿಂಭಾಗ ಮೇಲಕ್ಕೆ ಹೋಗುತ್ತೆ, ಟ ಅಂದ್ರೆ ತುದಿ ಮಡಚುತ್ತೆ, ತ ಅಂದ್ರೆ ಹಲ್ಲಿಗೆ ತಾಗುತ್ತೆ, ಪ ಬರೀ ತುಟಿ. ಒಂದನೇ ಕ್ಲಾಸಿಂದ ಬಾಯಿಪಾಠ ಹೊಡ್ದಿದ್ದ ಸಾಲು ಗಂಟಲಿಂದ ತುಟಿಯವರೆಗೆ ಕ್ರಮವಾಗಿ ಬರ್ತಿದೆ ಅಂತ ಅವತ್ತೇ ಗೊತ್ತಾಗಿದ್ದು. ಇಂಗ್ಲಿಷಲ್ಲಿ ಟೇಬಲ್ ಅನ್ನೋ ಪದದ ಮೊದಲ ಸದ್ದು ನಮ್ಮ ಟ-ನೂ ಅಲ್ಲ ತ-ನೂ ಅಲ್ಲ, ಮೇಲಿನ ಹಲ್ಲಿನ ಹಿಂದಿರೋ ವಸಡಿನ ದಿಣ್ಣೆಗೆ ತುದಿ ತಾಗ್ಬೇಕು. ನಾವೆಲ್ಲ ಅಲ್ಲಿ ಟ ಹಾಕ್ತೀವಿ, ಕೇಳಿದವ್ರಿಗೆ ನಾವು ಎಲ್ಲಿಯವ್ರು ಅಂತ ತಕ್ಷಣ ಗೊತ್ತಾಗೋದು ಅದ್ರಿಂದ್ಲೂ ಹೌದು.

ಆಮೇಲೆ ಕಾಗದದ ಚೂರು. ಬಾಯಿ ಮುಂದೆ ಹಿಡ್ಕೊಂಡು ಪಿನ್ ಅನ್ನಿ, ಸ್ಪಿನ್ ಅನ್ನಿ ಅಂದ್ರು. ಮೇಡಂ ಪಿನ್ ಅಂದಾಗ ಕಾಗದ ಪಟ್ ಅಂತ ಹಾರ್ತಿತ್ತು, ಸ್ಪಿನ್ ಅಂದಾಗ ಅಲ್ಲಾಡ್ತಾನೇ ಇರ್ಲಿಲ್ಲ. ನಮ್ದು ಎರಡಕ್ಕೂ ಅಲ್ಲಾಡ್ತಿರ್ಲಿಲ್ಲ, ಯಾಕಂದ್ರೆ ಉಸಿರು ಬೇಕಾದ್ರೆ ನಾವು ಮಹಾಪ್ರಾಣ ಅಂತ ಬೇರೆ ಅಕ್ಷರಾನೇ ಇಟ್ಕೊಂಡಿದೀವಿ. ಇಂಗ್ಲಿಷ್‌ನವ್ರಿಗೆ ಅವೆರಡೂ ಒಂದೇ ಪ, ಜಾಗ ನೋಡ್ಕೊಂಡು ರೂಪ ಬದಲಾಯಿಸುತ್ತೆ, ಅದಕ್ಕೆ ಅಲೋಫೋನ್ ಅಂತಾರೆ. ಫೊನೆಟಿಕ್ಸ್‌ಗೂ ಫೊನಾಲಜಿಗೂ ಏನು ವ್ಯತ್ಯಾಸ ಅಂದ್ರೆ ಇದೇ ಉದಾಹರಣೆ ಸಾಕು: ಉಸಿರು ಬಂತಾ ಇಲ್ವಾ ಅಂತ ನೋಡೋದು ಮೊದಲನೇದು, ಆ ಉಸಿರಿಂದ ಅರ್ಥ ಬದಲಾಗುತ್ತಾ ಅಂತ ಕೇಳೋದು ಎರಡನೇದು.

ನನಗೆ ಈ ಸಬ್ಜೆಕ್ಟ್ ಹುಚ್ಚು ಹಿಡಿಸಿದ್ದು ಮಾತ್ರ ಆದೇಶ ಸಂಧಿ. ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗಿ ಬರುತ್ತವೆ, ಮಳೆ ಕಾಲ ಮಳೆಗಾಲ, ಬೆಟ್ಟ ತಾವರೆ ಬೆಟ್ಟದಾವರೆ ಅಂತ ಹೈಸ್ಕೂಲಲ್ಲಿ ಎಲ್ರೂ ಉರು ಹೊಡ್ದಿರ್ತೀವಿ, ಯಾಕೆ ಗ-ನೇ ಬರ್ಬೇಕು ಚ ಯಾಕೆ ಬರ್ಬಾರ್ದು ಅಂತ ಒಬ್ರೂ ಕೇಳಿರಲ್ಲ. ಮೇಡಂ ಗಂಟಲ ಮೇಲೆ ಬೆರಳಿಟ್ಕೊಂಡು ಸ್ಸ್ ಅನ್ನಿ, ಈಗ ಝ್ಝ್ ಅನ್ನಿ ಅಂದ್ರು. ಮೊದಲನೇದಕ್ಕೆ ಏನಿಲ್ಲ, ಎರಡನೇದಕ್ಕೆ ಬೆರಳಡಿ ಗುಂಯ್ ಅನ್ನುತ್ತೆ. ಕ ದಿಂದ ಗ ಕ್ಕೆ ಹೋದಾಗ್ಲೂ ಇಷ್ಟೇ ಆಗೋದು, ನಾಲಿಗೆ ಜಾಗ ಬದಲಾಗಲ್ಲ, ನಾದ ಸೇರುತ್ತೆ. ಮಳೆಯ ಎ ಕಾರಕ್ಕೂ ನಾದ, ಕಾ-ದ ಆ ಕಾರಕ್ಕೂ ನಾದ, ನಡುವೆ ಸಿಕ್ಕಿದ ಕ ಕೂಡ ನಾದ ತಗೊಂಡು ಗ ಆಗ್ಬಿಡುತ್ತೆ. ಕ್ಯಾಟ್ಸ್‌ನಲ್ಲಿ ಸ್, ಡಾಗ್ಸ್ ಅಂತ ಬರೆದ್ರೂ ಹೇಳೋದು ಡಾಗ್ಝ್, ಅಲ್ಲೂ ಪಕ್ಕದ ಸದ್ದಿನ ಗುಣಾನೇ ಅಂಟ್ಕೊಳ್ಳೋದು. ಕನ್ನಡ ವ್ಯಾಕರಣ ಇಂಗ್ಲಿಷ್ ಕ್ಲಾಸಲ್ಲಿ ಅರ್ಥ ಆಯ್ತು ಅಂತ ಹಾಸ್ಟೆಲ್‌ನಲ್ಲಿ ಹೇಳಿದ್ರೆ ನಗ್ತಿದ್ರು.

ನಮ್ಮ ಬ್ಯಾಚಲ್ಲಿ ಮಂಡ್ಯ, ಚಾಮರಾಜನಗರ ಕಡೆಯವ್ರು ಜಾಸ್ತಿ. ಹಾಲು ಅಂದ್ರೆ ಆಲು, ಹೊಲ ಅಂದ್ರೆ ವಲ. ಬೇರೆ ಕಡೆ ಇದಕ್ಕೆ ಗೇಲಿ ಮಾಡಿಸ್ಕೊಂಡು ಬಂದಿದ್ದ ಹುಡುಗ್ರು, ಬಾಯೇ ಬಿಡ್ತಿರ್ಲಿಲ್ಲ. ಲಂಡನ್ನಿನ ಕಾಕ್ನಿ ಜನಾನೂ ಹೌಸ್‌ಗೆ ಔಸ್ ಅಂತಾರೆ ಅಂತ ಮೇಡಂ ಹೇಳಿದ ದಿನ ಹಿಂದಿನ ಬೆಂಚಲ್ಲಿ ಶಿಳ್ಳೆ ಬಿತ್ತು. ನಾವು ಕಲೀತಿದ್ದ ರಿಸೀವ್ಡ್ ಪ್ರನನ್ಸಿಯೇಷನ್, ಅಂದ್ರೆ ಆರ್‌ಪಿ ಉಚ್ಚಾರಾನೂ ಇಂಗ್ಲೆಂಡಿನ ಎಲ್ರದ್ದಲ್ಲ, ದುಡ್ಡಿರೋರ ಬೋರ್ಡಿಂಗ್ ಸ್ಕೂಲುಗಳದ್ದು. ಬ್ರಿಟಿಷ್ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರ ಉಚ್ಚಾರಣಾ ಡಿಕ್ಷನರಿಯಲ್ಲಿ ಅದನ್ನ ಪಬ್ಲಿಕ್ ಸ್ಕೂಲ್ ಪ್ರನನ್ಸಿಯೇಷನ್ ಅಂತಲೇ ಕರ್ದಿದ್ರು, ಆರ್‌ಪಿ ಅಂತ ಹೆಸ್ರು ಬದಲಾಯಿಸಿದ್ದು 1926ರಲ್ಲಿ.

ಸ್ಟ್ರೆಸ್, ಅಂದ್ರೆ ಪದದ ಒಂದು ಭಾಗಾನ ಜೋರಾಗಿ ಹೇಳೋ ಒತ್ತು, ಮಾತ್ರ ನಮಗೆ ಕೊನೇವರೆಗೂ ಕೈಕೊಡ್ತು. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲಲ್ಲಿ, ಫೊಟಾಗ್ರಫಿ ಅಂದ್ರೆ ಎರಡನೇ ಕಡೆ ಹೋಗುತ್ತೆ, ಫೋಟೋಗ್ರಾಫಿಕ್‌ಗೆ ಮೂರನೇ ಕಡೆ, ಒತ್ತು ಬಿಟ್ಟ ಜಾಗದಲ್ಲಿ ಎಷ್ಟೋ ಸಲ ಸ್ವರ ಸೊರಗಿ ಶ್ವಾ ಆಗುತ್ತೆ. ಕನ್ನಡದಲ್ಲಿ ಒತ್ತಿಂದ ಪದ ಬದಲಾಗಲ್ವಲ್ಲ, ಕಿವಿಗೇ ಬೀಳಲ್ಲ.

ಈಗ ಈ ಪೇಪರ್ ಓದ್ತಿರೋರು 26 ಅಕ್ಷರಕ್ಕೆ 44 ಧ್ವನಿ, 20 ಸ್ವರ 24 ವ್ಯಂಜನ ಅಂತ ಪಟ್ಟಿ ಉರು ಹೊಡ್ಯೋಕೆ ಮೊದ್ಲು ಒಂದು ಕಾಗದದ ಚೂರು ಇಟ್ಕೊಳ್ಳಿ. ಮತ್ತೆ ಪರೀಕ್ಷೇಲಿ ಪದಗಳನ್ನ ಧ್ವನಿ ಚಿಹ್ನೆಗಳಲ್ಲಿ ಬರೆಯೋ ಟ್ರಾನ್ಸ್‌ಕ್ರಿಪ್ಷನ್ ಪ್ರಶ್ನೆ ಬಿಡ್ಬೇಡಿ, ಸರಿಯಾಗಿ ಬರೆದ್ರೆ ಮಾರ್ಕ್ಸ್ ಕಟ್ ಮಾಡೋಕೆ ಯಾರಿಗೂ ಆಗಲ್ಲ.