ರಬ್ಬರ್ ಹಾಕದ ರೀಡಿಂಗುಗಳು

ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಬರಹ ಬೇಕೆಂದು ಪತ್ರ ಬಂದಾಗ ಏನು ಬರೆಯಲಿ ಎಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ನಾನಿವತ್ತು ಪ್ರಯಾಣಿಕರ ವಿಮಾನ ಹಾರಿಸುತ್ತಿದ್ದೇನೆ ಎಂದರೆ ಅದರ ದೊಡ್ಡ ಪಾಲು ನಮ್ಮ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಸಲ್ಲಬೇಕು. ಅಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ರೆಕಾರ್ಡ್ ಪುಸ್ತಕದಲ್ಲಿ ರೀಡಿಂಗ್ ಎಡವಟ್ಟಾದರೆ ರಬ್ಬರ್ ಹಾಕುವಂತಿರಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಹಾಗೇಕೆ ಬಂತೆಂದು ಪಕ್ಕದಲ್ಲಿ ಬರೆದು, ಆಮೇಲಷ್ಟೇ ಇನ್ನೊಂದು ರೀಡಿಂಗ್ ತೆಗೆಯಬೇಕಿತ್ತು. ಲೋಲಕದ ಆವರ್ತಕಾಲ ಹೊಂದದೆ ಹೋದಾಗ ನಾವು ಸುಮ್ಮನೆ ಮತ್ತೆ ಮತ್ತೆ ತೂಗಿಬಿಡುತ್ತಿದ್ದೆವು. ಮೇಷ್ಟ್ರು ಪಕ್ಕಕ್ಕೆ ಬಂದು ನಿಂತು, "ಯಾಕೆ ಹೀಗಾಯ್ತು ಅಂತ ತಿಳಿಯದೆ ಹತ್ತು ಸಲ ಮಾಡಿದ್ರೂ ಹೀಗೇ ಆಗುತ್ತಮ್ಮ. ಮೊದಲು ದಾರದ ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆ ನೋಡು," ಎನ್ನುತ್ತಿದ್ದರು. ನಾವು ದಾರವನ್ನಷ್ಟೇ ಅಳೆದಿರುತ್ತಿದ್ದೆವು, ಗುಂಡಿನ ಕೇಂದ್ರದವರೆಗೆ ಅಳೆಯಬೇಕಿತ್ತು.

ಗ್ರಂಥಾಲಯಕ್ಕೂ ಒಂದು ಮಾತು ಸಲ್ಲಬೇಕು. ಅಲ್ಲಿನ ವಿಶ್ವಕೋಶದ ಒಂದು ಸಂಪುಟದಲ್ಲಿ ಬೆಸ್ಸಿ ಕೋಲ್ಮನ್ ಬಗ್ಗೆ ಓದಿದ ಮೇಲೆಯೇ ಪೈಲಟ್ ಆಗಬೇಕೆಂಬ ಆಸೆ ನನ್ನಲ್ಲಿ ಗಟ್ಟಿಯಾಗಿ ಕೂತದ್ದು. 1892ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಈಕೆ ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದವರು, ಆಮೇಲೆ ಶಿಕಾಗೋದಲ್ಲಿ ಉಗುರು ಸಿಂಗರಿಸುವ ಕೆಲಸ ಮಾಡಿದವರು. ಕಪ್ಪು ಜನಾಂಗದವಳು, ಅದರ ಮೇಲೆ ಹೆಂಗಸು ಎಂದು ಅಲ್ಲಿನ ಹಾರಾಟ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಆಕೆ ಫ್ರೆಂಚ್ ಕಲಿತು, ಹಣ ಹೊಂದಿಸಿಕೊಂಡು ಫ್ರಾನ್ಸಿಗೆ ಹೋಗಿ, 1921ರ ಜೂನ್ 15ರಂದು ಪೈಲಟ್ ಪರವಾನಗಿ ಪಡೆದರು. ಆಕೆಯ ಛಲ ದೊಡ್ಡದೇ. ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಆ ಫ್ರೆಂಚ್ ಕಲಿಕೆ. ಮುಚ್ಚಿದ ಬಾಗಿಲನ್ನೇ ಬಡಿಯುತ್ತಾ ಕೂರದೆ, ಯಾವ ಬಾಗಿಲು ತೆರೆದೀತು, ಅದಕ್ಕೆ ತನ್ನಲ್ಲಿ ಏನಿರಬೇಕು ಎಂದು ಆಕೆ ಲೆಕ್ಕ ಹಾಕಿದ್ದರು.

ನನ್ನ ಮೊದಲ ಹಿನ್ನಡೆ ವಿಮಾನದ ಹತ್ತಿರ ಹೋಗುವ ಮುಂಚೆಯೇ ಬಂತು. ವಿಮಾನ ಹಾರಿಸುವುದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಕಣ್ಣು, ಕಿವಿ, ಹೃದಯ, ರಕ್ತ, ಮನಸ್ಸು ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಹಾಕುವವಳಾದ್ದರಿಂದ ನನಗೆ ಕಣ್ಣಿನದೇ ಭಯ. ಆದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಕನ್ನಡಕಕ್ಕೆ ಅಡ್ಡಿಯಿಲ್ಲ. ಕನ್ನಡಕದೊಂದಿಗಾದರೂ ಸರಿ, ಒಂದೊಂದು ಕಣ್ಣಿಗೆ ದೂರದೃಷ್ಟಿ 6/9, ಎರಡೂ ಸೇರಿ 6/6 ಬಂದರೆ ಸಾಕು. ತೊಡಕಾದದ್ದು ಇಸಿಜಿಯಲ್ಲಿ. ಗೆರೆಯಲ್ಲೇನೋ ವ್ಯತ್ಯಾಸ ಕಂಡು "ತಾತ್ಕಾಲಿಕವಾಗಿ ಅನರ್ಹ" ಎಂದು ಬರೆದರು.

ಆ ಹಾಳೆ ಹಿಡಿದು ಹೊರಬಂದಾಗ ಎಲ್ಲ ಮುಗಿಯಿತು ಅನಿಸಿದ್ದು ನಿಜ. ಅಪ್ಪ ಮಾತ್ರ "ತಾತ್ಕಾಲಿಕ ಅಂತ ಬರೆದಿದಾರಲ್ಲ, ಪೂರ್ತಿ ಓದು," ಎಂದರು. ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ದಿನವಿಡೀ ಎದೆಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಎಲ್ಲವೂ ಆಯಿತು. ಹೃದಯ ಸರಿಯಾಗಿದೆ, ಆ ವ್ಯತ್ಯಾಸ ನನ್ನ ಮಟ್ಟಿಗೆ ಸಹಜವಾದದ್ದೇ ಎಂದು ತಜ್ಞರು ಬರೆದುಕೊಟ್ಟ ಮೇಲೆ ಪ್ರಮಾಣಪತ್ರ ಕೈಗೆ ಬಂತು. ಅಷ್ಟರಲ್ಲಿ ನನ್ನ ತಂಡ ತರಬೇತಿ ಶುರುಮಾಡಿ ಎಷ್ಟೋ ಮುಂದೆ ಹೋಗಿತ್ತು.

ತರಬೇತಿಯಲ್ಲಿ ನನ್ನನ್ನು ಹೆಚ್ಚು ದಿನ ಕಾಡಿದ್ದು ಇಳಿಸುವುದು. ರನ್‌ವೇ ಮುಟ್ಟುವ ಮುಂಚಿನ ಕೆಲವೇ ಕ್ಷಣಗಳಲ್ಲಿ ಮೂತಿಯನ್ನು ಮೆಲ್ಲಗೆ ಎತ್ತಿ, ವಿಮಾನ ಕೆಳಗಿಳಿಯುವ ವೇಗವನ್ನು ಕುಗ್ಗಿಸಬೇಕು. ಇದಕ್ಕೆ ಫ್ಲೇರ್ ಅನ್ನುತ್ತಾರೆ. ತಡವಾದರೆ ಚಕ್ರ ನೆಲಕ್ಕೆ ಬಡಿದು ವಿಮಾನ ಪುಟಿಯುತ್ತದೆ. ಬೇಗ ಎತ್ತಿದರೆ ಗಾಳಿಯಲ್ಲೇ ತೇಲಿ, ವೇಗ ಕಳೆದುಕೊಂಡು ಧೊಪ್ಪನೆ ಕೂರುತ್ತದೆ. ನನ್ನದು ಪ್ರತಿ ಸಲವೂ ಬೇಗ ಆಗುತ್ತಿತ್ತು. ನನ್ನ ನಂತರ ಸೇರಿದವರೂ ಒಬ್ಬರೇ ಹಾರುವ ಸೋಲೋ ಮುಗಿಸಿದರು. ನಾನಿನ್ನೂ ಬೋಧಕರ ಪಕ್ಕದಲ್ಲೇ ಇದ್ದೆ. ಇವಳ ಕೈಗೆ ಇದು ಹತ್ತುವುದಿಲ್ಲವೇನೋ ಎಂಬ ಮಾತು ಕಿವಿಗೂ ಬಿತ್ತು.

ಒಂದು ದಿನ ಬೋಧಕರು ಎಂಜಿನ್ ನಿಲ್ಲಿಸಿದ ಮೇಲೂ ಕೆಳಗಿಳಿಯದೆ ಕೂತು ಕೇಳಿದರು: "ನಿನ್ನ ಕೈ ಚೆನ್ನಾಗೇ ಇದೆ. ಕೊನೇಲಿ ಕಣ್ಣು ಎಲ್ಲಿರುತ್ತೆ ಹೇಳು?"

"ಮುಂದಿರೋ ನೆಲದ ಮೇಲೆ, ಸರ್."

"ಎಷ್ಟು ಮುಂದೆ?"

ಮೂತಿಯ ಅಂಚಿನಾಚೆಯೇ ನೋಡುತ್ತಿದ್ದೆ. ಹತ್ತಿರದ ನೆಲ ರಭಸದಿಂದ ಮೈಮೇಲೆ ಬಂದಂತೆ ಕಾಣುವುದರಿಂದ ಕೈ ತಾನಾಗಿಯೇ ಹಿಂದಕ್ಕೆ ಎಳೆಯುತ್ತದೆ. "ರನ್‌ವೇಯ ಆ ತುದಿ ನೋಡು. ಎರಡೂ ಪಕ್ಕದ ಅಂಚು ಕಣ್ಣ ಮೂಲೇಲಿ ಅಗಲ ಆಗ್ತಾ ಬರುತ್ತೆ. ಅದು ಹೇಳುತ್ತೆ ನಿನಗೆ, ಯಾವಾಗ ಎತ್ತಬೇಕು ಅಂತ," ಎಂದರು. ಮಾರನೆಯ ದಿನ ಮೊದಲ ಸಲಕ್ಕೇ ಚಕ್ರ ಹದವಾಗಿ ನೆಲ ತಾಗಿದಾಗ ನನಗೆ ಥಟ್ಟನೆ ದಾರದ ಉದ್ದ ಅಳೆಯುತ್ತಿದ್ದ ಆ ಮೇಜು ನೆನಪಾಯಿತು. ಅದೇ ವಾರ ಬೋಧಕರು ಬಾಗಿಲು ತೆರೆದು ಇಳಿದು, "ಒಂದು ಸುತ್ತು ಹಾಕಿ ಬಾ," ಎಂದರು. ಒಬ್ಬರ ಭಾರ ಕಡಿಮೆಯಾದ ಪುಟ್ಟ ವಿಮಾನ ರೂಢಿಗಿಂತ ಬೇಗ ನೆಲ ಬಿಟ್ಟಿತು. ಪಕ್ಕದ ಸೀಟು ಖಾಲಿ, ಅದರ ಬೆಲ್ಟ್ ಬಿಗಿದು ಕಟ್ಟಿತ್ತು. ಆ ಹಾರಾಟದ ಒಂದೊಂದು ಕ್ಷಣವೂ ನನಗೆ ನೆನಪಿದೆ.

ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಸಾಮಾನ್ಯವಾಗಿ 200 ಗಂಟೆ ಹಾರಾಟ ಬೇಕು. ಅಂಗೀಕೃತ ತರಬೇತಿ ಕ್ರಮದಲ್ಲಿ ಕಲಿತರೆ 150 ಸಾಕೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಒಂದೊಂದು ಗಂಟೆಗೂ ಹಣ. ಅರ್ಧ ದಾರಿಯಲ್ಲಿ ನಮ್ಮ ಮನೆಯ ಹಣ ಮುಗಿಯಿತು. ತರಬೇತಿ ನಿಲ್ಲಿಸಿ ವಿಮಾನ ನಿಲ್ದಾಣದಲ್ಲಿ ಲೋಡ್ ಶೀಟ್ ತಯಾರಿಸುವ ಕೆಲಸಕ್ಕೆ ಸೇರಿದೆ. ಪೈಲಟ್ ಆಗಬೇಕಿದ್ದವಳು ಕಾಗದ ತುಂಬುತ್ತಿದ್ದಾಳೆ ಎಂದು ಮರುಗಿದವರಿದ್ದರು. ಆದರೆ ಆ ಕೆಲಸ ನನಗೆ ಕಲಿಸಿದ್ದನ್ನು ಯಾವ ಹಾರಾಟ ಶಾಲೆಯೂ ಅಷ್ಟು ಚೆನ್ನಾಗಿ ಕಲಿಸಲಾರದು. ಪ್ರಯಾಣಿಕರು, ಸಾಮಾನು, ಸರಕು, ಇಂಧನ ಇವುಗಳ ತೂಕವನ್ನಷ್ಟೇ ಕೂಡಿದರೆ ಸಾಲದು, ಅವು ವಿಮಾನದಲ್ಲಿ ಎಲ್ಲಿ ಕೂರುತ್ತವೆ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಭಾರ ಹಿಂದಕ್ಕೆ ಜಾಸ್ತಿಯಾದರೆ ಮೂತಿ ಬೇಡದಿದ್ದರೂ ಏಳಲು ನೋಡುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತಿದರೂ ಏಳಲೊಲ್ಲದು. ಮೀಟರ್ ಸ್ಕೇಲನ್ನು ದಾರಕ್ಕೆ ತೂಗುಬಿಟ್ಟು, ಎರಡೂ ಕಡೆ ತೂಕದ ಬಟ್ಟು ಕಟ್ಟಿ ಸಮತೋಲ ಹಿಡಿಯುತ್ತಿದ್ದೆವಲ್ಲ, ನೂರಾರು ಜನ ಕೂರುವ ವಿಮಾನಕ್ಕೂ ಅದೇ ಲೆಕ್ಕ. ಆ ಶೀಟನ್ನು ಕಾಕ್‌ಪಿಟ್‌ಗೆ ಒಯ್ದು ಕ್ಯಾಪ್ಟನ್ ಕೈಗೆ ಕೊಡುವಾಗ ಎಡಗಡೆಯ, ಬಲಗಡೆಯ ಸೀಟಿನವರು ಅದನ್ನು ಬೇರೆ ಬೇರೆಯಾಗಿ ಓದಿ ತಾಳೆ ನೋಡುತ್ತಿದ್ದುದನ್ನು ದಿನವೂ ನೋಡಿದೆ. ಹಣ ಕೂಡಿತು, ಸ್ವಲ್ಪ ಸಾಲವೂ ಸಿಕ್ಕಿತು. ತರಬೇತಿ ಮುಗಿಸಿ ಲೈಸೆನ್ಸ್ ಪಡೆದೆ.

ಪಡೆದೆ, ಅಷ್ಟರಲ್ಲಿ 2020 ಬಂತು. ಜಗತ್ತಿನಾದ್ಯಂತ 2019ರಲ್ಲಿ ಸುಮಾರು 450 ಕೋಟಿ ಇದ್ದ ವಿಮಾನ ಪ್ರಯಾಣಿಕರ ಸಂಖ್ಯೆ ಆ ಒಂದೇ ವರ್ಷದಲ್ಲಿ ಸುಮಾರು 180 ಕೋಟಿಗೆ ಕುಸಿಯಿತು. ಅನುಭವಿ ಕ್ಯಾಪ್ಟನ್‌ಗಳೇ ಮನೆಯಲ್ಲಿ ಕೂತಿರುವಾಗ ಹೊಸಬರನ್ನು ಕೇಳುವವರು ಯಾರು? ಇದಕ್ಕೆ ಕಾರಣ ಹುಡುಕಿ ತಿದ್ದುವಂಥದ್ದು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಲೈಸೆನ್ಸ್, ಅದಕ್ಕೆ ಸೇರುವ ರೇಟಿಂಗ್ ಎಂಬ ಹೆಚ್ಚಿನ ಅರ್ಹತೆ, ವೈದ್ಯಕೀಯ ಪ್ರಮಾಣಪತ್ರ ಮೂರೂ ಅವಧಿ ಮೀರದಂತೆ ನೋಡಿಕೊಳ್ಳುತ್ತಾ, ಹೊಸ ವಿದ್ಯಾರ್ಥಿಗಳಿಗೆ ಹವಾಮಾನ ವಿಜ್ಞಾನ ಪಾಠ ಮಾಡಿದೆ. ಪಾಠ ಮಾಡಿದಾಗಲೇ ನನಗೂ ಅದು ಪೂರ್ತಿ ಅರ್ಥವಾದದ್ದು.

ವಿಮಾನಗಳು ಮತ್ತೆ ತುಂಬತೊಡಗಿದ ಮೇಲೆ ಒಂದು ಸಂಸ್ಥೆಯ ಸಿಮ್ಯುಲೇಟರ್ ಪರೀಕ್ಷೆಗೆ ಹೋದೆ. ಆಯ್ಕೆಯಾಗಲಿಲ್ಲ. ಟೇಕಾಫ್‌ನಲ್ಲಿ ವಿ-ಒನ್ ಎಂಬ ವೇಗ ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ನಿಲ್ಲಿಸುವ ಹಾಗಿಲ್ಲ, ಮೇಲೇರಲೇಬೇಕು. ಕೆಟ್ಟ ಎಂಜಿನ್ನಿನ ಕಡೆಗೆ ಮೂತಿ ತಿರುಗುತ್ತದೆ, ಎದುರು ಕಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ನೇರ ಹಿಡಿಯಬೇಕು. ಅದನ್ನೆಲ್ಲ ಸರಿಯಾಗಿಯೇ ಮಾಡಿದ್ದೆ. ಮತ್ತೆ ಯಾಕೆ ಎಂದು ಪರೀಕ್ಷಕರನ್ನು ಕೇಳಿದೆ. ಅವರು ಬೇಸರಪಡದೆ ಹೇಳಿದರು: "ಚೆನ್ನಾಗಿ ಹಾರಿಸಿದ್ರಿ. ಆದರೆ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದಾರೆ ಅನ್ನೋದನ್ನೇ ಮರೆತ್ರಿ. ಒಂದು ಮಾತೂ ಆಡಲಿಲ್ಲ."

ಅಷ್ಟು ವರ್ಷ ಪುಟ್ಟ ವಿಮಾನದಲ್ಲಿ ಒಬ್ಬಳೇ ಹಾರಿದ ಅಭ್ಯಾಸ ಅದು. ವಿಮಾನ ಸಿಬ್ಬಂದಿ ಒಬ್ಬರಿಗೊಬ್ಬರು ಹೇಳಿಕೊಂಡು, ಕೇಳಿಕೊಂಡು, ಕೆಲಸ ಹಂಚಿಕೊಂಡು ಮಾಡುವುದೇ ಒಂದು ವಿದ್ಯೆ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ ಅದನ್ನು ಪಾಠವಾಗಿಯೇ ಕಲಿಸುವುದು ಬೆಳೆದು ಬಂತು. ನಾನು ಕಾಕ್‌ಪಿಟ್‌ನ ದೊಡ್ಡ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಎರಡು ಕುರ್ಚಿ ಹಾಕಿ, ನನ್ನಂತೆಯೇ ಕಾಯುತ್ತಿದ್ದ ಗೆಳತಿಯೊಡನೆ ಪ್ರತಿದಿನ ಕೂತೆ. ಏನು ಕಂಡಿತು, ಏನು ಮಾಡಲಿದ್ದೇನೆ, ನೀನೇನು ಮಾಡಬೇಕು ಎಲ್ಲವನ್ನೂ ಬಾಯಿಬಿಟ್ಟು ಹೇಳುವುದೇ ಅಭ್ಯಾಸ. ಮೊದಮೊದಲು ಮಾತು ತೊಡರುತ್ತಿತ್ತು. ಮುಂದಿನ ಸಂಸ್ಥೆಯ ಪರೀಕ್ಷೆಯಲ್ಲಿ ಎಂಜಿನ್ ಕೆಟ್ಟಾಗ ಮಾತು ತಾನಾಗಿಯೇ ಬಂತು. ಇಬ್ಬರೂ ಆಯ್ಕೆಯಾದೆವು, ಬೇರೆ ಬೇರೆ ಕಡೆ.

ಈಗ ಬಲಗಡೆಯ ಸೀಟಿನಲ್ಲಿ ಫಸ್ಟ್ ಆಫೀಸರ್ ಆಗಿದ್ದೇನೆ. ಇಳಿಯುವಾಗ ವೇಗ, ಎತ್ತರ, ದಿಕ್ಕು ಇವುಗಳಲ್ಲಿ ಯಾವುದೇ ಹದ ತಪ್ಪಿದ್ದರೂ ಗೋ-ಅರೌಂಡ್ ಮಾಡುತ್ತೇವೆ, ಅಂದರೆ ಇಳಿಯುವುದನ್ನು ಬಿಟ್ಟು ಮೇಲೇರಿ ಸುತ್ತಿ ಬರುತ್ತೇವೆ. ಮೋಡ ಕವಿದಿದ್ದರೆ 1000 ಅಡಿ, ಹೊರಗೆಲ್ಲ ತಿಳಿಯಾಗಿ ಕಾಣುತ್ತಿದ್ದರೆ 500 ಅಡಿ ಎತ್ತರದೊಳಗೆ ಎಲ್ಲವೂ ಹದಕ್ಕೆ ಬಂದಿರಬೇಕು ಎಂಬುದು ಹಲವು ಸಂಸ್ಥೆಗಳ ನಿಯಮ. ಅನುಮಾನ ಬಂದರೆ ಕಿರಿಯ ಪೈಲಟ್ ಕೂಡ ಗೋ-ಅರೌಂಡ್ ಎಂದು ಹೇಳಬಹುದು. ಹೇಳಲೇಬೇಕು. ಒಳಗೆ ಕೂತವರಿಗೆ ಗಾಬರಿಯಾಗುತ್ತದೆ, ಪೈಲಟ್‌ಗೆ ಇಳಿಸಲು ಬರಲಿಲ್ಲ ಎಂದುಕೊಳ್ಳುವವರೂ ಇದ್ದಾರೆ. ನಮ್ಮ ಕೆಲಸದಲ್ಲಿ ಅದು ಸೋಲಲ್ಲ, ಮಾಡಬೇಕಾದ ಕೆಲಸವನ್ನು ಮಾಡಿದಂತೆ ಅಷ್ಟೆ.

ಪೈಲಟ್ ಆಗಬೇಕೆನ್ನುವ ತಮ್ಮಂದಿರು, ತಂಗಿಯರು ನಮ್ಮ ಶಾಲೆಯಲ್ಲಿ ಇದ್ದಾರೆಂದು ಕೇಳಿದೆ. ಅವರಿಗೆ ಇಷ್ಟು: ತರಬೇತಿ ಶುಲ್ಕ ಕಟ್ಟುವ ಮುಂಚೆ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿ, ಹಣ ಕಟ್ಟಿದ ಮೇಲಲ್ಲ. ಕಣ್ಣು ಬಣ್ಣ ಗುರುತಿಸುತ್ತದೆಯೇ ಎಂದು ನೋಡುವ, ಬಣ್ಣದ ಚುಕ್ಕೆಗಳ ಇಶಿಹಾರಾ ಪರೀಕ್ಷೆಯಲ್ಲಿ ತೊಡಕಾದರೆ ಬಣ್ಣದ ದೀಪ ತೋರಿಸುವ ಲ್ಯಾಂಟರ್ನ್‌ನಂಥ ಮುಂದಿನ ಪರೀಕ್ಷೆಗೆ ಅವಕಾಶವಿದೆಯೇ ಎಂದು ಕೇಳಿ. ಹಣದ ಲೆಕ್ಕ ಹಾಕುವಾಗ ಲೈಸೆನ್ಸ್‌ನವರೆಗೆ ಮಾತ್ರ ಹಾಕಬೇಡಿ, ಆಮೇಲೆ ಒಂದು ಮಾದರಿಯ ವಿಮಾನಕ್ಕೆಂದೇ ಮಾಡಬೇಕಾದ ಟೈಪ್ ರೇಟಿಂಗ್ ಖರ್ಚೂ ಕೆಲವೊಮ್ಮೆ ನಿಮ್ಮ ಮೇಲೆಯೇ ಬೀಳುತ್ತದೆ. ಆಯ್ಕೆಯಾಗದಿದ್ದರೆ ಪರೀಕ್ಷಕರನ್ನು ಕಾರಣ ಕೇಳಿಯೇ ಹೊರಗೆ ಬನ್ನಿ. ಇನ್ನೇನಾದರೂ ಕೇಳುವುದಿದ್ದರೆ ಶಾಲೆಯ ಕಚೇರಿಯಲ್ಲಿ ಬರೆದು ಕೊಡಿ. ರಜೆಯಲ್ಲಿ ಬಂದಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲೇ ಕೂತು ಮಾತಾಡೋಣ. ಒಂದು ಲೋಡ್ ಶೀಟ್ ತರುತ್ತೇನೆ, ನೀವೇ ತುಂಬಿ ನೋಡುವಿರಂತೆ.