ಮೇಲ್ಮಹಡಿ ಟಿವಿಗೆ ವೈಫೈ: ಮೂರು ವಾರದ ಕೆಲಸದ ಟಿಪ್ಪಣಿ

30×40 ಸೈಟಿನ ಮನೆ. ಕೆಳಗೊಂದು, ಮೇಲೊಂದು ಅಂತಸ್ತು, ನಡುವೆ ಆರ್‌ಸಿಸಿ ಸ್ಲ್ಯಾಬ್. 200 ಎಂಬಿಪಿಎಸ್ ಫೈಬರ್ ಕನೆಕ್ಷನ್. ವೈಫೈಯನ್ನೂ ಕೊಡುವ ಫೈಬರ್ ಡಬ್ಬಿ ಕೂತಿರುವುದು ಹಾಲಿನ ಶೋಕೇಸಿನೊಳಗೆ, ಟಿವಿಯ ಬೆನ್ನಿಗೆ. ಮೇಲಿನ ರೂಮಿನಲ್ಲಿ ಸಿನಿಮಾ ಹೇಗೋ ಓಡುತ್ತದೆ, ಮ್ಯಾಚ್ ಹಾಕಿದರೆ ಮಾತ್ರ ಚಕ್ರ ಸುತ್ತಲು ಶುರು. ಕಾರಣವಿದೆ: ಸಿನಿಮಾ ಮುಂದಿನ ಭಾಗವನ್ನು ಮೊದಲೇ ಎಳೆದಿಟ್ಟುಕೊಳ್ಳುತ್ತದೆ, ನೇರಪ್ರಸಾರಕ್ಕೆ ಕೈಯಲ್ಲಿರುವುದು ಕೆಲವೇ ಸೆಕೆಂಡಿನ ದಾಸ್ತಾನು.

ವಾರ 1, ಅಳತೆ

ಟಿವಿ ಇರುವ ಜಾಗದಲ್ಲೇ ಫೋನ್ ಹಿಡಿದು ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿದಾಗ 5 ಗಿಗಾಹರ್ಟ್ಸ್ ಸಿಗ್ನಲ್ ಮೈನಸ್ 79 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಚೆನ್ನ). ವಿಡಿಯೊ ತಡೆಯಿಲ್ಲದೆ ಓಡಲು ಮೈನಸ್ 67 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಮೈನಸ್ 66 ಇತ್ತು, ಆದರೆ ಅಕ್ಕಪಕ್ಕದ ಮನೆಯವರೆಲ್ಲ ಅಲ್ಲೇ ಇದ್ದಾರೆ, ಒಂದಕ್ಕೊಂದು ತಾಗದ ಚಾನೆಲ್‌ಗಳೋ 1, 6, 11 ಮೂರೇ. 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಹಾಗಾಗಿ ಪ್ಲ್ಯಾನ್ ದೊಡ್ಡದು ಮಾಡಿಸಿ ಪ್ರಯೋಜನವಿಲ್ಲ. ಡಬ್ಬಿಯನ್ನು ಶೋಕೇಸಿನಿಂದ ತೆಗೆದು ಗೋಡೆಯ ಮೇಲೆ ಎತ್ತರಕ್ಕೆ ಹಾಕಿದ್ದಕ್ಕೆ ಮೈನಸ್ 73ಕ್ಕೆ ಬಂತು. ಖರ್ಚಿಲ್ಲದ ಲಾಭ, ಆದರೂ ಸಾಲದು.

ವಾರ 2, ಆಯ್ಕೆ

ಎಎಕ್ಸ್3000ದ (ವೈಫೈ 6ರಲ್ಲಿ ಒಂದು ವೇಗದ ದರ್ಜೆ) ಒಂದೇ ದುಬಾರಿ ರೂಟರ್ ಬೇಡವೆಂದು ತೀರ್ಮಾನ. ಪೆಟ್ಟಿಗೆಯ ಮೇಲಿನ 2402 ಎಂಬಿಪಿಎಸ್ ಎಂಬ ಸಂಖ್ಯೆ ಚಾನೆಲ್ 160 ಮೆಗಾಹರ್ಟ್ಸ್ ಅಗಲವಿದ್ದಾಗ ಸಿಗುವಂಥದ್ದು. ಬಹಳಷ್ಟು ಟಿವಿಗಳು 80ಕ್ಕೇ ನಿಲ್ಲುತ್ತವೆ. ಆಂಟೆನಾ ಎಷ್ಟಿದ್ದರೂ ಸ್ಲ್ಯಾಬ್ ಸ್ಲ್ಯಾಬೇ. ಸಿಗ್ನಲನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಮೆಶ್ (ಹಲವು ಡಬ್ಬಿಗಳು ಸೇರಿ ಒಂದೇ ವೈಫೈ ಕೊಡುವ ವ್ಯವಸ್ಥೆ) ಒಳ್ಳೆಯದೇ, ಆದರೆ ತಂತಿಯಿಲ್ಲದ ಮೆಶ್ ಕೂಡ ಅದೇ ಸ್ಲ್ಯಾಬನ್ನು ದಾಟಬೇಕು.

ಕೊನೆಗೆ ಆರಿಸಿದ್ದು ಸಾಧಾರಣ ಎಎಕ್ಸ್1500 ವೈಫೈ 6 ರೂಟರ್, ಕೆಳಗಿನ ಡಬ್ಬಿಯಿಂದ ಅದಕ್ಕೆ ಕ್ಯಾಟ್6 ನೆಟ್‌ವರ್ಕ್ ಕೇಬಲ್. ಕೊಳ್ಳುವಾಗ ನೋಡಬೇಕಾದ್ದು ಎರಡು: ಎಲ್ಲ ಪೋರ್ಟುಗಳೂ ಗಿಗಾಬಿಟ್ (1000 ಎಂಬಿಪಿಎಸ್) ಆಗಿರಬೇಕು, ಆ್ಯಕ್ಸೆಸ್ ಪಾಯಿಂಟ್ ಮೋಡ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವುದಷ್ಟೇ ಕೆಲಸ) ಇರಬೇಕು. ಅಗ್ಗದ ಎಸಿ1200 ಮಾದರಿಗಳಲ್ಲಿ ಅನೇಕಕ್ಕೆ 100 ಎಂಬಿಪಿಎಸ್ ಪೋರ್ಟ್. 200ರ ಪ್ಲ್ಯಾನ್ ಅಲ್ಲೇ 95ರ ಆಸುಪಾಸಿಗೆ ಕಟ್ಟಿಬೀಳುತ್ತದೆ.

ವಾರ 3, ಕೇಬಲ್

18 ಮೀಟರ್ ಅಪ್ಪಟ ತಾಮ್ರದ ಕೇಬಲ್. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಬಗ್ಗಿಸಿದಲ್ಲಿ ಮುರಿಯುತ್ತದೆ. ಬ್ಲೇಡಿನಿಂದ ಎಳೆಯ ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ, ಹಾಗೆ ಗುರುತಿಸಬಹುದು. ಕರೆಂಟ್ ವೈರಿನ ಪೈಪಿನಲ್ಲಿ ಸೇರಿಸದೆ ಮೆಟ್ಟಿಲಿನ ಪಕ್ಕ ಬೇರೆ ಕೇಸಿಂಗ್ ಪಟ್ಟಿ ಹೊಡೆದಾಯಿತು.

ಮೊದಲ ಪರೀಕ್ಷೆಯಲ್ಲಿ ಮೇಲೆ ಸಿಕ್ಕಿದ್ದು 94 ಎಂಬಿಪಿಎಸ್. ಆ ಸಂಖ್ಯೆ ಕಂಡರೆ ಮೊದಲು ನೋಡಬೇಕಾದ್ದು ಕನೆಕ್ಟರನ್ನು. ಬೆಳಕಿಗೆ ಹಿಡಿದಾಗ ಕೇಬಲ್‌ನ ಎಂಟು ಎಳೆಗಳಲ್ಲಿ ಏಳನೆಯದು, ಬಿಳಿ-ಕಂದು ಎಳೆ, ತುದಿ ಮುಟ್ಟದೆ ಎರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. 100ಕ್ಕೆ 1, 2, 3, 6ನೇ ಎಳೆಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅದನ್ನು ಕತ್ತರಿಸಿ ಹೊಸ ಆರ್‌ಜೆ45 ಕನೆಕ್ಟರ್ ಹಾಕಿದ್ದು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿ ಎಳೆಗಳ ಹುರಿ ಬಿಚ್ಚಿದ್ದು ಅರ್ಧ ಇಂಚಿಗಿಂತ ಕಡಿಮೆ. ಈಗ ಪೂರ್ತಿ 200 ಬರುತ್ತಿದೆ.

ಸೆಟ್ಟಿಂಗ್: ಮೇಲಿನದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಐಪಿ ವಿಳಾಸ ಹಂಚುವ ಕೆಲಸ) ಆಫ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕೆಳಗಿನದೂ ಮೇಲಿನದೂ ಐಪಿ ಹಂಚಲು ನಿಂತು, ಯಾವ ಫೋನಿಗೆ ಯಾವಾಗ ನೆಟ್ ಹೋಗುತ್ತದೆಂದು ಹೇಳಲಾಗದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಕೆಳಗೆ ಚಾನೆಲ್ 36, ಮೇಲೆ 149, ಅಗಲ 80. 2.4ಕ್ಕೆ ಅಗಲ 20, ಕೆಳಗೆ 1, ಮೇಲೆ 11.

ಮೇಲಿನ ರೂಮಿನಲ್ಲಿ ಈಗ ಮೈನಸ್ 47. ರೂಟರ್ ಪಕ್ಕದಲ್ಲೇ ಇರುವುದರಿಂದ ಟಿವಿಗೂ ಒಂದು ಮೀಟರ್ ಕೇಬಲ್ ಕೊಟ್ಟಾಗಿದೆ. ಟಿವಿಯ ಪೋರ್ಟ್ 100 ಎಂಬಿಪಿಎಸ್ ಆದರೂ 4ಕೆಗೆ ಧಾರಾಳ.

ಬಾಕಿ ಇರುವುದು ಕರೆಂಟಿನ ಕೆಲಸ. ಎರಡು ಸೆಕೆಂಡ್ ಕರೆಂಟ್ ಹೋದರೂ ಫೈಬರ್ ಡಬ್ಬಿ ಮತ್ತೆ ಲೈನಿಗೆ ಬರಲು ನಿಮಿಷಗಟ್ಟಲೆ ಬೇಕು. ಕೆಳಗಿನ ಡಬ್ಬಿಯ ಅಡಾಪ್ಟರ್ 12 ವೋಲ್ಟ್ 1.5 ಆಂಪ್, ಮೇಲಿನದು 12 ವೋಲ್ಟ್ 1 ಆಂಪ್. ಎರಡಕ್ಕೂ ಒಂದೊಂದು 12 ವೋಲ್ಟಿನ ಮಿನಿ ಯುಪಿಎಸ್ ತರಬೇಕಿದೆ.